ಒಂದು ಕೆಟ್ಟರೆ? ಎರಡು ಎಂಜಿನ್ನಿನ ದೊಡ್ಡ ವಿಮಾನ ನಂಬಿಕೆ ಗಳಿಸಿದ ಕಥೆ

ಕಳೆದ ವರ್ಷ ಅಮ್ಮನನ್ನು ಮೊದಲ ಸಲ ವಿಮಾನದಲ್ಲಿ ಕರೆದುಕೊಂಡು ಹೋದೆ. ಮಂಗಳೂರಿನಿಂದ ಮುಂಬೈಗೆ, ಅಕ್ಕನ ಮಗುವನ್ನು ನೋಡಲು. ಕಿಟಕಿಯ ಸೀಟು ಅವಳಿಗೇ ಬಿಟ್ಟುಕೊಟ್ಟೆ. ಕೆಳಗಿನ ನದಿ, ಕಡಲು, ತೆಂಗಿನ ತೋಟ ನೋಡಿ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ನೋಡಿದ್ದು ರೆಕ್ಕೆಯ ಕೆಳಗೆ ತೂಗುತ್ತಿದ್ದ ಎಂಜಿನ್ನನ್ನು.

"ಅಲ್ಲ ಮಾರಾಯಾ, ಈ ಬದಿಗೆ ಒಂದೇ ಉಂಟಲ್ಲ?"

"ಆ ಬದಿಗೆ ಇನ್ನೊಂದು ಉಂಟಮ್ಮ."

"ಒಂದು ಕೆಟ್ಟರೆ?"

"ಇನ್ನೊಂದರಲ್ಲಿ ಹೋಗ್ತದೆ."

"ಅದೂ ಕೆಟ್ಟರೆ?"

ನಾನು ನಕ್ಕು ಮಾತು ಬದಲಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ದೇಶಗಳು ಕೈಗಾರಿಕೆಯಲ್ಲಿ ಹೇಗೆ ಕೈಜೋಡಿಸಿದವು ಎಂಬುದು ನನ್ನ ಪಿಎಚ್‌ಡಿ ವಿಷಯ. ಅದರ ಒಂದು ಅಧ್ಯಾಯದಲ್ಲಿ ಏರ್‌ಬಸ್ ಎ300 ಎಂಬ ವಿಮಾನ ಬರುತ್ತದೆ. ಒಪ್ಪಂದ, ಬಂಡವಾಳ, ಪಾಲುದಾರಿಕೆ ಎಂದು ಪುಟ ತುಂಬಿಸುತ್ತಿದ್ದ ನನಗೆ ಅಮ್ಮನ ಮಾತು ಕೇಳಿದ ಮೇಲೆ ಬೇರೆಯೇ ಒಂದು ಎಳೆ ಕಾಣಿಸಿತು. ವಿಮಾನೋದ್ಯಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿದ್ದೂ ಇದೇ ಪ್ರಶ್ನೆಗೆ: ಒಂದು ಕೆಟ್ಟರೆ?

ಈ ಕಥೆ 1953ರಿಂದ ಶುರುವಾಗಬೇಕು. ಆ ವರ್ಷ ಅಮೆರಿಕದ ವಿಮಾನಯಾನ ಆಡಳಿತ ಒಂದು ನಿಯಮ ತಂದಿತು. ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನ ತನ್ನ ದಾರಿಯ ಯಾವ ಬಿಂದುವಿನಲ್ಲಿದ್ದರೂ, ಒಂದೇ ಎಂಜಿನ್ ಬಳಸಿ ಅರುವತ್ತು ನಿಮಿಷದೊಳಗೆ ಯಾವುದಾದರೊಂದು ನಿಲ್ದಾಣ ತಲುಪುವಂತಿರಬೇಕು. ಹಿಂದೆ ಬೇಸಿಗೆಯಲ್ಲಿ ದೂರ ನಡೆಯುವವರು ಅರವಟ್ಟಿಗೆಗಳ ಲೆಕ್ಕ ಇಟ್ಟುಕೊಂಡು ದಾರಿ ಹಿಡಿಯುತ್ತಿದ್ದರಲ್ಲ, ಹಾಗೆ. ನೆಲದ ಮೇಲೆ ಇದರಿಂದ ಅಂಥ ತೊಂದರೆಯಿಲ್ಲ. ಸಾಗರದ ನಡುವೆ ಅರವಟ್ಟಿಗೆ ಎಲ್ಲಿಂದ ಬರಬೇಕು? ಹೀಗಾಗಿ ಅಟ್ಲಾಂಟಿಕ್ ದಾಟುವ ನೇರ ದಾರಿಗಳು ನಾಲ್ಕು ಎಂಜಿನ್ನಿನ ವಿಮಾನಗಳ ಪಾಲಾದವು.

ಆ ಕಾಲಕ್ಕೆ ಈ ನಿಯಮ ಸರಿಯಾಗಿಯೇ ಇತ್ತು. ಆಗಿನವು ಪಿಸ್ಟನ್ ಎಂಜಿನ್‌ಗಳು. ನೂರಾರು ಚಲಿಸುವ ಭಾಗಗಳು, ಮೇಲೆ ಕೆಳಗೆ ಬಡಿಯುವ ಕೊಂತಗಳು. ದಾರಿಯಲ್ಲಿ ಒಂದು ಎಂಜಿನ್ ನಿಲ್ಲುವುದು ಅಪರೂಪದ ಸಂಗತಿಯಾಗಿರಲಿಲ್ಲ. ಆಮೇಲೆ ಜೆಟ್ ಎಂಜಿನ್ ಬಂತು. ಅದರ ಮುಖ್ಯ ಭಾಗಗಳು ಸುಮ್ಮನೆ ಒಂದೇ ದಿಕ್ಕಿಗೆ ತಿರುಗುತ್ತವೆ, ಕೆಡುವುದು ಕಡಿಮೆ. ಎಂಜಿನ್ ಬದಲಾಯಿತು, ನಿಯಮ ಮಾತ್ರ ಹಾಗೇ ಉಳಿಯಿತು.

ಎರಡು ಎಂಜಿನ್ನಿನ ಜೆಟ್ ಆಗ ಇರಲೇ ಇಲ್ಲ ಎಂದಲ್ಲ. ಫ್ರಾನ್ಸಿನ ಕ್ಯಾರವೆಲ್ 1955ರಲ್ಲೇ ಹಾರಿತ್ತು. ನಮ್ಮ ಇಂಡಿಯನ್ ಏರ್‌ಲೈನ್ಸ್ 1964ರಿಂದ ಅದನ್ನು ಬಳಸಿತು. ಆದರೆ ಅದು ಸಣ್ಣ ವಿಮಾನ, ಹತ್ತಿರದ ಊರುಗಳಿಗೆ. ಇನ್ನೂರೈವತ್ತು ಜನರನ್ನು ಹೊತ್ತೊಯ್ಯುವ, ಒಳಗೆ ಎರಡು ಓಣಿಗಳಿರುವ ಅಗಲ ಒಡಲಿನ ವಿಮಾನವನ್ನು ಎರಡೇ ಎಂಜಿನ್ನಿನಲ್ಲಿ ಹಾರಿಸುವುದು ಬೇರೆ ಮಾತು. ಅಮೆರಿಕನ್ ಏರ್‌ಲೈನ್ಸ್‌ನ ಎಂಜಿನಿಯರ್ ಫ್ರಾಂಕ್ ಕೋಲ್ಕ್ 1966ರಲ್ಲಿ ಕೇಳಿದ್ದು ಇದನ್ನೇ. ಮಧ್ಯಮ ದೂರಕ್ಕೆ ಸುಮಾರು ಇನ್ನೂರೈವತ್ತು ಜನ, ಎರಡು ಎಂಜಿನ್, ನ್ಯೂಯಾರ್ಕಿನ ಲಾಗಾರ್ಡಿಯಾದ ಗಿಡ್ಡ ರನ್‌ವೇಯಲ್ಲೂ ಇಳಿಯುವಂತಿರಬೇಕು. ಬೇರೆ ಏರ್‌ಲೈನ್‌ಗಳು ಇನ್ನೂ ದೂರ ಹೋಗುವ ವಿಮಾನ ಬೇಕೆಂದವು. ಕೊನೆಗೆ ಅಮೆರಿಕದ ಕಾರ್ಖಾನೆಗಳಿಂದ ಹೊರಬಂದದ್ದು ಮೂರು ಎಂಜಿನ್ನಿನ ಎರಡು ವಿಮಾನಗಳು: ಮ್ಯಾಕ್‌ಡೊನೆಲ್ ಡಗ್ಲಸ್‌ನ ಡಿಸಿ-10 ಮತ್ತು ಲಾಕ್‌ಹೀಡ್‌ನ ಟ್ರೈಸ್ಟಾರ್. ಕೋಲ್ಕ್ ಕೇಳಿದ ವಿಮಾನವನ್ನು ಹತ್ತಿರಹತ್ತಿರ ಹಾಗೆಯೇ ಕಟ್ಟಿದವರು ಯುರೋಪಿನವರು.

ಅವರಿಗೆ ಆಗ ಬೇರೆ ದಾರಿಯೂ ಇರಲಿಲ್ಲ. ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲಿ ಒಳ್ಳೆಯ ಎಂಜಿನಿಯರುಗಳಿದ್ದರು, ಒಳ್ಳೆಯ ವಿಮಾನಗಳೂ ಬಂದಿದ್ದವು. ಆದರೆ ಒಂದೊಂದು ದೇಶವೂ ತನ್ನ ತನ್ನ ಏರ್‌ಲೈನಿಗೆ ಹೊಂದುವ ವಿಮಾನ ಮಾಡಿಕೊಂಡು ಕೆಲವೇ ಕೆಲವನ್ನು ಮಾರುತ್ತಿತ್ತು. ಪ್ರಪಂಚದ ಮಾರುಕಟ್ಟೆ ಅಮೆರಿಕದ ಕೈಯಲ್ಲಿತ್ತು. 1967ರ ಸೆಪ್ಟೆಂಬರಿನಲ್ಲಿ ಮೂರೂ ಸರ್ಕಾರಗಳು ಸೇರಿ ಮುನ್ನೂರು ಸೀಟಿನ ವಿಮಾನವೊಂದನ್ನು ರೂಪಿಸಲು ಒಪ್ಪಿದವು. ಎ300 ಎಂಬ ಹೆಸರಿನ ಮುನ್ನೂರು ಅಲ್ಲಿಂದ ಬಂದದ್ದು. ಅದಕ್ಕಾಗಿ ರೋಲ್ಸ್-ರಾಯ್ಸ್ ಕಂಪನಿ ಆರ್‌ಬಿ207 ಎಂಬ ಭಾರಿ ಎಂಜಿನ್ ಮಾಡಿಕೊಡಬೇಕಿತ್ತು.

ಆ ಎಂಜಿನ್ ಬರಲೇ ಇಲ್ಲ. ರೋಲ್ಸ್-ರಾಯ್ಸ್‌ನ ಗಮನವೆಲ್ಲ ಟ್ರೈಸ್ಟಾರ್‌ಗೆ ಬೇಕಾದ ಆರ್‌ಬಿ211 ಕಡೆಗಿತ್ತು. ಯೋಜನೆಯ ತಾಂತ್ರಿಕ ಮುಖ್ಯಸ್ಥ ರೋಜೆ ಬೆತೈ ಎಂಬ ಫ್ರೆಂಚ್ ಎಂಜಿನಿಯರ್. ಅವರು ಹೊಸ ಎಂಜಿನ್ನಿಗಾಗಿ ಕಾಯುವ ಬದಲು ವಿಮಾನವನ್ನೇ ಚಿಕ್ಕದು ಮಾಡಿದರು. 1968ರ ಕೊನೆಗೆ ಮುನ್ನೂರು ಸೀಟು ಇನ್ನೂರೈವತ್ತಾಯಿತು. ಈ ಗಾತ್ರಕ್ಕೆ ಡಿಸಿ-10ಕ್ಕಾಗಿ ತಯಾರಾಗುತ್ತಿದ್ದ ಜನರಲ್ ಎಲೆಕ್ಟ್ರಿಕ್‌ನ ಸಿಎಫ್6 ಎಂಜಿನ್ ಸಾಕಾಗುತ್ತಿತ್ತು. ಹೊಸ ವಿಮಾನ, ಹೊಸ ಎಂಜಿನ್ ಎರಡನ್ನೂ ಒಟ್ಟಿಗೆ ಹುಟ್ಟಿಸುವ ಅಪಾಯ ತಪ್ಪಿತು. 1971ರ ಫೆಬ್ರವರಿಯಲ್ಲಿ ಆರ್‌ಬಿ211ರ ಖರ್ಚಿನ ಭಾರಕ್ಕೆ ರೋಲ್ಸ್-ರಾಯ್ಸ್ ದಿವಾಳಿಯಾಗಿ, ಲಾಕ್‌ಹೀಡ್ ಕೂಡ ಮುಳುಗುವ ಹಂತಕ್ಕೆ ಬಂದಾಗ ಈ ನಿರ್ಧಾರದ ಬೆಲೆ ಎಲ್ಲರಿಗೂ ತಿಳಿಯಿತು.

ಗಾತ್ರ ಕುಗ್ಗಿಸಿದ ಕೆಲವೇ ತಿಂಗಳಲ್ಲಿ, 1969ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ಸರ್ಕಾರ ಯೋಜನೆಯಿಂದ ಹೊರನಡೆಯಿತು. ಇದು ಮಾರಾಟವಾಗುವ ವಿಮಾನ ಎಂದು ಅದಕ್ಕೆ ಅನಿಸಲಿಲ್ಲ. ರೆಕ್ಕೆ ಮಾಡಬೇಕಿದ್ದವರು ಬ್ರಿಟನ್ನಿನ ಹಾಕರ್ ಸಿಡ್ಲಿ ಕಂಪನಿಯವರು. ಸರ್ಕಾರ ಬಿಟ್ಟರೂ ಕಂಪನಿ ಬಿಡಲಿಲ್ಲ, ತನ್ನದೇ ಹಣ ಹಾಕಿ ಉಳಿಯಿತು. ಮೇ 29ರಂದು ಪ್ಯಾರಿಸ್ ಬಳಿಯ ಲ ಬುರ್ಜೆ ವಿಮಾನ ಪ್ರದರ್ಶನದಲ್ಲಿ, ಎ300ರ ಕ್ಯಾಬಿನ್ನಿನ ಮಾದರಿಯೊಳಗೇ ಕೂತು, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಯ ಮಂತ್ರಿಗಳು ಸಹಿ ಹಾಕಿದರು. ಯುದ್ಧ ಮುಗಿದು ಆಗ ಇಪ್ಪತ್ತನಾಲ್ಕು ವರ್ಷ. ಒಬ್ಬರ ಊರಿನ ಮೇಲೆ ಒಬ್ಬರು ಬಾಂಬು ಸುರಿದಿದ್ದ ದೇಶಗಳ ಕಾರ್ಖಾನೆಗಳು ಒಂದೇ ವಿಮಾನದ ತುಂಡುಗಳನ್ನು ಹಂಚಿಕೊಂಡವು. ಮೂತಿ, ಕಾಕ್‌ಪಿಟ್ ಫ್ರಾನ್ಸಿನದು, ಒಡಲಿನ ಬಹುಭಾಗ ಜರ್ಮನಿಯದು, ರೆಕ್ಕೆ ಬ್ರಿಟನ್ನಿನದು, ರೆಕ್ಕೆಯ ಚಲಿಸುವ ಭಾಗಗಳು ಹಾಲೆಂಡಿನವು, ಬಾಲದ ಅಡ್ಡರೆಕ್ಕೆ ಸ್ಪೇನಿನದು. ಜೋಡಣೆ ಮಾತ್ರ ದಕ್ಷಿಣ ಫ್ರಾನ್ಸಿನ ಟುಲೂಸ್‌ನಲ್ಲಿ.

ಇಷ್ಟು ದೊಡ್ಡ ತುಂಡುಗಳನ್ನು ಸಾಗಿಸಲು ಬಳಸಿದ್ದು ಸೂಪರ್ ಗಪ್ಪಿ ಎಂಬ, ಹೊಟ್ಟೆ ಊದಿಕೊಂಡ ಸಾಗಣೆ ವಿಮಾನ. ಅದು ಬೋಯಿಂಗ್‌ನ ಹಳೆಯ ವಿಮಾನವನ್ನೇ ಕತ್ತರಿಸಿ ಹಿಗ್ಗಿಸಿ ಮಾಡಿದ್ದು. ಏರ್‌ಬಸ್ ವಿಮಾನಗಳೆಲ್ಲ ಬೋಯಿಂಗ್‌ನ ರೆಕ್ಕೆಯ ಮೇಲೆ ಹುಟ್ಟಿದವು ಎಂಬ ತಮಾಷೆ ಇದರಿಂದಲೇ ಬಂದದ್ದು. ಭಾಷೆಯ ವಿಷಯದಲ್ಲೂ ಬೆತೈ ಜಂಬ ತೋರಿಸಲಿಲ್ಲ. ಕೆಲಸದ ಭಾಷೆ ಇಂಗ್ಲಿಷ್ ಇರಲಿ ಎಂದರು. ಪ್ರಪಂಚದ ಬಹುತೇಕ ಏರ್‌ಲೈನ್‌ಗಳ ಮೆಕ್ಯಾನಿಕ್‌ಗಳು ಅಮೆರಿಕದ ವಿಮಾನಗಳಲ್ಲೇ ಕೈ ಪಳಗಿಸಿಕೊಂಡವರು. ಅವರಿಗೆ ಪರಿಚಿತವಾದದ್ದೇ ಕೊಡಬೇಕಿತ್ತು.

ಈ ವಿಮಾನದ ವಿನ್ಯಾಸದಲ್ಲಿ ನನಗೆ ಇಷ್ಟವಾದದ್ದು ಅದರ ಒಡಲಿನ ಅಳತೆ. ಅಡ್ಡಕ್ಕೆ 5.64 ಮೀಟರ್ ವ್ಯಾಸದ ಒಂದು ವೃತ್ತ. ಈ ಸಂಖ್ಯೆಯ ಲೆಕ್ಕದಲ್ಲಿ ಮೇಲೆ ಕೂರುವ ಮನುಷ್ಯರಷ್ಟೇ ಮುಖ್ಯವಾಗಿದ್ದದ್ದು ಕೆಳಗಿನ ಸಾಮಾನು. ಬೋಯಿಂಗ್ 747ರಂಥ ದೊಡ್ಡ ವಿಮಾನಗಳಲ್ಲಿ ಎಲ್‌ಡಿ-3 ಎಂಬ ನಿಗದಿತ ಅಳತೆಯ ಲಗೇಜು ಪೆಟ್ಟಿಗೆ ಬಳಕೆಗೆ ಬಂದಿತ್ತು. ಎ300ರ ನೆಲದ ಕೆಳಗೆ ಅಂಥ ಎರಡು ಪೆಟ್ಟಿಗೆ ಪಕ್ಕಪಕ್ಕ ಕೂರುತ್ತಿದ್ದವು. ದೂರದೇಶದಿಂದ 747ರಲ್ಲಿ ಬಂದ ಸರಕನ್ನು ಬಿಚ್ಚದೆ ಹಾಗೇ ಇದಕ್ಕೆ ತುಂಬಬಹುದು. ಮೇಲೆ ಸಾಲಿಗೆ ಎಂಟು ಸೀಟು: ಕಿಟಕಿಯ ಕಡೆ ಎರಡೆರಡು, ನಡುವೆ ನಾಲ್ಕು. ಯಾರೇ ಎದ್ದು ಓಣಿಗೆ ಬರಬೇಕಾದರೂ ಒಬ್ಬರಿಗಿಂತ ಹೆಚ್ಚು ಜನರ ಮೊಣಕಾಲು ದಾಟಬೇಕಿಲ್ಲ. ಈ ವೃತ್ತ ಎಷ್ಟು ಹೊಂದಿತೆಂದರೆ ಆಮೇಲೆ ಬಂದ ಎ310, ಎ330, ಎ340 ವಿಮಾನಗಳಿಗೂ ಇದೇ ಅಡ್ಡಳತೆ ಮುಂದುವರಿಯಿತು.

ಎರಡು ಎಂಜಿನ್ನಿನ ಲಾಭ ಮೇಲ್ನೋಟಕ್ಕೆ ಸರಳ. ಎಂಜಿನ್ ಎಂದರೆ ವಿಮಾನದ ಅತಿ ದುಬಾರಿ, ಅತಿ ಹೆಚ್ಚು ಆರೈಕೆ ಬೇಡುವ ಭಾಗ. ಒಂದು ಕಡಿಮೆಯಾದರೆ ಅದರ ತೂಕ, ಕೊಳವೆ, ಬಿಡಿಭಾಗ, ತಪಾಸಣೆ ಎಲ್ಲ ಉಳಿಯುತ್ತವೆ. ಮೂರು ಎಂಜಿನ್ನಿನ ವಿಮಾನದಲ್ಲಿ ಮೂರನೆಯದು ಬಾಲದಲ್ಲಿ, ಏಣಿ ಹಾಕಿ ಹತ್ತಬೇಕಾದ ಎತ್ತರದಲ್ಲಿರುತ್ತದೆ. ಎ300ರಲ್ಲಿ ಎರಡೂ ರೆಕ್ಕೆಯ ಕೆಳಗೆ, ಕೆಲಸ ಮಾಡಲು ಸಲೀಸಾದ ಎತ್ತರದಲ್ಲಿದ್ದವು. ಇನ್ನೊಂದು ಲಾಭ ಸ್ವಲ್ಪ ವಿಚಿತ್ರ. ಹಾರಲು ಓಡುತ್ತಿರುವ ವಿಮಾನದ ಒಂದು ಎಂಜಿನ್ ಕೊನೆಯ ಗಳಿಗೆಯಲ್ಲಿ ನಿಂತರೂ ಅದು ಸುರಕ್ಷಿತವಾಗಿ ಮೇಲೇರಬೇಕು ಎಂಬುದು ನಿಯಮ. ನಾಲ್ಕರಲ್ಲಿ ಒಂದು ನಿಂತರೆ ಕಾಲುಭಾಗ ಶಕ್ತಿ ಹೋಯಿತು. ಎರಡರಲ್ಲಿ ಒಂದು ನಿಂತರೆ ಅರ್ಧವೇ ಹೋಯಿತು. ಹಾಗಾಗಿ ಎರಡು ಎಂಜಿನ್ನಿನ ವಿಮಾನದಲ್ಲಿ ಒಂದೊಂದೂ ಒಂಟಿಯಾಗಿ ಇಡೀ ವಿಮಾನವನ್ನು ಎತ್ತುವಷ್ಟು ಬಲವಾಗಿರಲೇಬೇಕು. ಎ300ರ ಒಂದೊಂದು ಎಂಜಿನ್ನಿನ ನೂಕುಬಲ ಸುಮಾರು 51,000 ಪೌಂಡ್. ಎರಡೂ ಚೆನ್ನಾಗಿರುವ ದಿನ, ಅಂದರೆ ಹೆಚ್ಚುಕಡಿಮೆ ಪ್ರತಿದಿನ, ವಿಮಾನದ ಬಳಿ ಧಾರಾಳ ಶಕ್ತಿ ಮಿಕ್ಕಿರುತ್ತದೆ. ಕಷ್ಟಕಾಲಕ್ಕೆಂದು ಇಟ್ಟುಕೊಂಡದ್ದು ದಿನನಿತ್ಯದ ಅನುಕೂಲವೂ ಆಯಿತು.

1972ರ ಅಕ್ಟೋಬರ್ 28ರಂದು ಎ300 ಮೊದಲ ಸಲ ಹಾರಿತು. 1974ರ ಮೇ ತಿಂಗಳಲ್ಲಿ ಏರ್ ಫ್ರಾನ್ಸ್ ಅದನ್ನು ಪ್ಯಾರಿಸ್-ಲಂಡನ್ ನಡುವೆ ಓಡಿಸಲು ಶುರುಮಾಡಿತು. ಅದೇ ಟುಲೂಸ್‌ನಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ವಿಮಾನವೂ ತಯಾರಾಗುತ್ತಿತ್ತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಕಾಂಕಾರ್ಡ್. ಬ್ರಿಟನ್, ಫ್ರಾನ್ಸ್‌ಗಳ ಪ್ರತಿಷ್ಠೆಯೆಲ್ಲ ಅದರ ಮೇಲಿತ್ತು, ಪತ್ರಿಕೆಗಳ ಕಣ್ಣೂ ಅದರ ಮೇಲಿತ್ತು. ಎ300 ನೋಡಲು ಸಾಧಾರಣ. ವೇಗದಲ್ಲಿ ಹೊಸತೇನಿಲ್ಲ, ಗಾತ್ರದಲ್ಲಿ ದಾಖಲೆಯಿಲ್ಲ. ಕೊನೆಗೆ ತಯಾರಾದ ಕಾಂಕಾರ್ಡ್‌ಗಳು ಇಪ್ಪತ್ತು, ಅವುಗಳಲ್ಲಿ ಪ್ರಯಾಣಿಕರನ್ನು ಹೊತ್ತದ್ದು ಹದಿನಾಲ್ಕು. ಎ300 ತಯಾರಾದದ್ದು 561. ಹೊಳೆಯುವುದರ ದಾಖಲೆ ಹೇರಳವಾಗಿ ಸಿಗುತ್ತದೆ. ಬಾಳಿಕೆ ಬಂದದ್ದನ್ನು ನಾವು ಹುಡುಕಿಕೊಂಡು ಹೋಗಬೇಕು. ಸಂಶೋಧನೆ ಮಾಡುವವರಿಗೆ ಇದು ಹೊಸ ಮಾತಲ್ಲ, ಆದರೂ ಪ್ರತಿ ಸಲ ಮರೆತುಹೋಗುತ್ತದೆ.

ಆದರೆ ಆ 561 ಸುಲಭವಾಗಿ ಬಂದದ್ದಲ್ಲ. 1973ರ ಅರಬ್-ಇಸ್ರೇಲ್ ಯುದ್ಧದ ನಂತರ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಗಿತ್ತು. ಕಡಿಮೆ ಇಂಧನ ಕುಡಿಯುವ ವಿಮಾನಕ್ಕೆ ಇದು ಸುಗ್ಗಿಕಾಲ ಆಗಬೇಕಿತ್ತು. ಆದದ್ದು ಉಲ್ಟಾ. ಕೈಯಲ್ಲಿ ಹಣವಿಲ್ಲದ ಏರ್‌ಲೈನ್‌ಗಳು ಯಾವ ಹೊಸ ವಿಮಾನವನ್ನೂ ಕೊಳ್ಳಲಿಲ್ಲ. 1975ರ ಕೊನೆಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಎ300ಕ್ಕೆ ಒಂದೇ ಒಂದು ಹೊಸ ಆರ್ಡರ್ ಇಲ್ಲ. ಯಾವ ಕಂಪನಿಯ ಹೆಸರೂ ಬರೆಯದ, ಬಾಲ ಬಿಳಿಯಾಗಿಯೇ ಉಳಿದ ವಿಮಾನಗಳು ಟುಲೂಸ್‌ನಲ್ಲಿ ಸಾಲಾಗಿ ನಿಂತಿದ್ದವು.

ಆ ಸಾಲನ್ನು ಕರಗಿಸಿದವರು ಫ್ರಾಂಕ್ ಬೋರ್ಮನ್. 1968ರಲ್ಲಿ ಅಪೊಲೊ 8ರಲ್ಲಿ ಚಂದ್ರನನ್ನು ಸುತ್ತಿ ಬಂದ ಮೂವರಲ್ಲಿ ಒಬ್ಬರು, ಆಗ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ನ ಮುಖ್ಯಸ್ಥರು. ಅವರ ಕಂಪನಿಗೆ ಹಣದ ಮುಗ್ಗಟ್ಟಿತ್ತು, ಏರ್‌ಬಸ್‌ಗೆ ಗಿರಾಕಿಗಳ ಮುಗ್ಗಟ್ಟು. 1977ರಲ್ಲಿ ನಾಲ್ಕು ಎ300 ವಿಮಾನಗಳನ್ನು ಆರು ತಿಂಗಳ ಮಟ್ಟಿಗೆ ಹೆಚ್ಚುಕಡಿಮೆ ಬಾಡಿಗೆಯಿಲ್ಲದೆ ಈಸ್ಟರ್ನ್‌ಗೆ ಕೊಡಲಾಯಿತು. ಓಡಿಸಿ ನೋಡಿ, ಬೇಡವಾದರೆ ವಾಪಸ್ ಕೊಡಿ. ಈಸ್ಟರ್ನ್ ಬಳಿ ಮೂರು ಎಂಜಿನ್ನಿನ ಟ್ರೈಸ್ಟಾರ್‌ಗಳೂ ಇದ್ದದ್ದರಿಂದ ಹೋಲಿಸಿ ನೋಡುವುದು ಸುಲಭವಾಯಿತು. ಎಣ್ಣೆಯ ಲೆಕ್ಕ ಎ300ರ ಪರವಾಗಿ ಬಂತು. 1978ರಲ್ಲಿ ಬೋರ್ಮನ್ 23 ವಿಮಾನ ಕೊಂಡರು. ಯುರೋಪಿನ ವಿಮಾನಕ್ಕೆ ಅಮೆರಿಕದ ಬಾಗಿಲು ತೆರೆಯಿತು. ಮರುವರ್ಷ ಬ್ರಿಟನ್ನೂ ಪಾಲುದಾರನಾಗಿ ಮನೆಗೆ ಮರಳಿತು.

ಬೋರ್ಮನ್‌ಗಿಂತ ಮೊದಲೇ, 1976ರಲ್ಲೇ, ನಮ್ಮ ಇಂಡಿಯನ್ ಏರ್‌ಲೈನ್ಸ್ ಎ300 ತಂದಿತ್ತು ಎಂಬುದು ಹಲವರಿಗೆ ನೆನಪಿಲ್ಲ. ದೊಡ್ಡ ನಗರಗಳ ನಡುವೆ ಜನ ತುಂಬಿ ತುಳುಕುವ, ಆದರೆ ದೂರ ಅಷ್ಟೇನೂ ಇಲ್ಲದ ಹಾದಿಗಳು ನಮ್ಮಲ್ಲೇ ಇದ್ದವು. ಕೋಲ್ಕ್ ನ್ಯೂಯಾರ್ಕಿಗಾಗಿ ಕಂಡ ಕನಸು ದೆಹಲಿ-ಬೊಂಬಾಯಿಗೂ ಸರಿಹೊಂದಿತು.

ಇಷ್ಟಾದರೂ ಅಮ್ಮನ ಎರಡನೆಯ ಪ್ರಶ್ನೆ ಉಳಿದೇ ಇತ್ತು. ಅದೂ ಕೆಟ್ಟರೆ?

ಮೂರಿದ್ದರೆ ಎರಡಕ್ಕಿಂತ ಸುರಕ್ಷಿತ ಎಂಬುದು ನಮ್ಮ ಸಹಜ ಲೆಕ್ಕ. ಇದಕ್ಕೊಂದು ಷರತ್ತಿದೆ: ಒಂದು ಎಂಜಿನ್ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಬಾರದು. 1983ರ ಮೇ 5ರಂದು ಇದೇ ಈಸ್ಟರ್ನ್‌ನ ಟ್ರೈಸ್ಟಾರ್ ಒಂದು ಮಯಾಮಿಯಿಂದ ಬಹಾಮಾಸ್‌ನ ನಸ್ಸೌಗೆ ಹೊರಟಿತು. ದಾರಿಯಲ್ಲಿ ಒಂದು ಎಂಜಿನ್ನಿನ ಎಣ್ಣೆಯ ಒತ್ತಡ ಇಳಿಯಿತು. ಪೈಲಟ್‌ಗಳು ಅದನ್ನು ನಿಲ್ಲಿಸಿ ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ಉಳಿದೆರಡೂ ಒಂದರ ಹಿಂದೊಂದು ನಿಂತವು. ಕೆಳಗೆ ಸಮುದ್ರ. ಮೊದಲು ನಿಲ್ಲಿಸಿದ್ದ ಎಂಜಿನ್ನನ್ನು ಮತ್ತೆ ಹೇಗೋ ಹೊತ್ತಿಸಿ, ಅದೊಂದರಲ್ಲೇ ಮಯಾಮಿಗೆ ಬಂದು ಇಳಿದರು. ಎಲ್ಲರೂ ಉಳಿದರು. ತನಿಖೆಯಲ್ಲಿ ಸಿಕ್ಕ ಕಾರಣ ಚಿಕ್ಕದು. ಹಿಂದಿನ ರಾತ್ರಿಯ ಆರೈಕೆಯಲ್ಲಿ ಮೂರೂ ಎಂಜಿನ್‌ಗಳ ಒಂದು ಭಾಗವನ್ನು ತೆಗೆದು ಹಾಕುವಾಗ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಉಂಗುರಗಳನ್ನು ಹಾಕಿರಲಿಲ್ಲ. ಒಂದೇ ರಾತ್ರಿ, ಒಂದೇ ಕೆಲಸ, ಒಂದೇ ತಪ್ಪು, ಮೂರು ಸಲ.

ನಮ್ಮ ಕಡೆಯದೂ ಒಂದು ಇದೆ. 1993ರ ನವೆಂಬರಿನಲ್ಲಿ ಮದ್ರಾಸಿನಿಂದ ಹೈದರಾಬಾದಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಎ300ಕ್ಕೆ ಅಲ್ಲಿ ಇಳಿಯಲು ಆಗಲಿಲ್ಲ. ಇಳಿಯಲೆಂದು ಚಾಚಿದ್ದ ರೆಕ್ಕೆಯ ಫ್ಲ್ಯಾಪ್‌ಗಳು ಮತ್ತೆ ಒಳಸರಿಯಲಿಲ್ಲ. ಹಾಗೆ ಹಾರಿದರೆ ಇಂಧನ ಬೇಗ ಖಾಲಿಯಾಗುತ್ತದೆ. ಮದ್ರಾಸಿಗೆ ಹಿಂದಿರುಗುವಾಗ ಇಂಧನ ಸಾಲದೆ ತಿರುಪತಿಯ ಹತ್ತಿರ ಗದ್ದೆಯೊಂದರಲ್ಲಿ ಇಳಿಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಅಲ್ಲಿ ನಾಲ್ಕು ಎಂಜಿನ್ ಇದ್ದಿದ್ದರೂ ಅಷ್ಟೇ. ಇಂಧನವಿಲ್ಲದಿದ್ದರೆ ನಾಲ್ಕೂ ನಿಲ್ಲುತ್ತಿದ್ದವು.

ಹಾಗಾಗಿ ಕೇಳಬೇಕಾದದ್ದು ಎಷ್ಟು ಎಂಜಿನ್ ಎಂದಷ್ಟೇ ಅಲ್ಲ, ಎಲ್ಲವನ್ನೂ ಒಟ್ಟಿಗೆ ಕೆಡಿಸಬಲ್ಲದ್ದು ಏನು ಎಂದೂ ಕೇಳಬೇಕು. 1985ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಅರುವತ್ತು ನಿಮಿಷದ ಗಡಿಯನ್ನು ನೂರಿಪ್ಪತ್ತಕ್ಕೆ ಏರಿಸಿದಾಗ ಎಂಜಿನ್ನಿನ ವಿಶ್ವಾಸಾರ್ಹತೆಯ ಅಂಕಿಅಂಶಗಳ ಜೊತೆಗೆ ಇದನ್ನೂ ಕೇಳಿತು. ಎಟಾಪ್ಸ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಎಂಜಿನ್ ಒಳ್ಳೆಯದಿದ್ದರೆ ಸಾಲದು. ಅದನ್ನು ನೋಡಿಕೊಳ್ಳುವ ಏರ್‌ಲೈನೂ ಪರೀಕ್ಷೆ ಪಾಸಾಗಬೇಕು. ಸರಕಿನ ಕೋಣೆಯಲ್ಲಿ ಬೆಂಕಿ ಬಿದ್ದರೆ ನಿಲ್ದಾಣ ಮುಟ್ಟುವವರೆಗೂ ಅದನ್ನು ಅದುಮಿಡುವ ಏರ್ಪಾಡು ಬೇಕು. ವಿದ್ಯುತ್ತಿಗೆ ಹೆಚ್ಚುವರಿ ಮೂಲ ಬೇಕು. ಎರಡೂ ಎಂಜಿನ್‌ಗಳ ಒಂದೇ ಬಗೆಯ ಕೆಲಸವನ್ನು ಒಂದೇ ಸಲಕ್ಕೆ ಒಬ್ಬನೇ ಮೆಕ್ಯಾನಿಕ್ ಮಾಡುವುದನ್ನು ತಪ್ಪಿಸಬೇಕು.

ಎ300 ತೆರೆದ ದಾರಿಯಲ್ಲಿ ಬೋಯಿಂಗ್ 767, ಎ310 ಬಂದು ಅಟ್ಲಾಂಟಿಕ್ ದಾಟಿದವು. 1988ರಲ್ಲಿ ಗಡಿ ನೂರೆಂಬತ್ತು ನಿಮಿಷವಾಯಿತು. 1995ರಲ್ಲಿ ಬೋಯಿಂಗ್ 777 ಸೇವೆಗೆ ಇಳಿದದ್ದೇ ನೂರೆಂಬತ್ತರ ಅನುಮತಿಯೊಂದಿಗೆ. 2014ರಲ್ಲಿ ಎ350ಕ್ಕೆ 370 ನಿಮಿಷದವರೆಗೆ ಒಪ್ಪಿಗೆ ಸಿಕ್ಕಿತು. ಅಂದರೆ ಒಂದೇ ಎಂಜಿನ್ನಿನಲ್ಲಿ ಆರು ಗಂಟೆಗೂ ಹೆಚ್ಚು. ಎ300ರ ಕೊನೆಯ ವಿಮಾನ 2007ರಲ್ಲಿ ಕಾರ್ಖಾನೆ ಬಿಟ್ಟಿತು. ನಾಲ್ಕು ಎಂಜಿನ್ನಿನ ದೈತ್ಯ ಎ380ರ ಕೊನೆಯದು 2021ರಲ್ಲಿ, 747ರ ಕೊನೆಯದು 2023ರಲ್ಲಿ. ಈಗ ಹೊಸ ದೊಡ್ಡ ಪ್ರಯಾಣಿಕ ವಿಮಾನ ಎಂದರೆ ಎರಡು ಎಂಜಿನ್ನಿನದೇ.

ಈ ಅಧ್ಯಾಯ ಬರೆದು ಮುಗಿಸಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೂಕುಬಲ, ನಿಮಿಷಗಳ ಲೆಕ್ಕ ಎಲ್ಲ ಹೂಂಗುಟ್ಟುತ್ತಾ ಕೇಳಿದಳು. ಎರಡೂ ಎಂಜಿನ್ ಒಬ್ಬನೇ ಮೆಕ್ಯಾನಿಕ್ ಕೈಗೆ ಕೊಡುವುದಿಲ್ಲ ಎಂದಾಗ ಮಾತ್ರ ತಡೆದಳು.

"ಅದು ಸರಿ. ಬಾಗಿಲಿಗೆ ಎರಡು ಬೀಗದ ಕೈ ಇದ್ದರೆ ಎರಡನ್ನೂ ಒಂದೇ ಗೊಂಚಲಿಗೆ ಹಾಕಬಾರದು ಅಂತ ನಿನ್ನ ಅಜ್ಜಿ ಹೇಳ್ತಿದ್ದರು. ಗೊಂಚಲು ಕಳೆದರೆ ಎರಡೂ ಹೋಯ್ತಲ್ಲ."

ಪ್ರಬಂಧದ ಆ ಪುಟದಲ್ಲಿ ನಾನು ಎರಡು ಪ್ಯಾರಾ ಖರ್ಚು ಮಾಡಿದ್ದೆ. ಅಜ್ಜಿಯನ್ನು ಅಡಿಟಿಪ್ಪಣಿಯಲ್ಲಿ ಹೇಗೆ ತರುವುದೋ ಗೊತ್ತಿಲ್ಲ. ಬರುವ ತಿಂಗಳು ಅಮ್ಮನಿಗೆ ಮತ್ತೆ ಮುಂಬೈಗೆ ಹೋಗಬೇಕಂತೆ. ಈ ಸಲ ನಾನು ಜೊತೆಗಿಲ್ಲ, ಒಬ್ಬಳೇ ಹೋಗುತ್ತಾಳೆ. ಟಿಕೆಟ್ ಮಾಡುವಾಗ ಅವಳು ಕೇಳಿದ್ದು ಒಂದೇ: ಸೀಟು ರೆಕ್ಕೆಯ ಹತ್ತಿರವೇ ಇರಲಿ.